ಸಗಟು ಪೇಟೆ ಹೋದ ಮೇಲೆ

ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವನ್ನು ಓದಿದವರಿಗೆ ಅದರ ಮೊದಲ ಅಂಕ ನೆನಪಿರಬಹುದು. ಲಂಡನ್ನಿನಲ್ಲಿ ರಾತ್ರಿಯ ಮಳೆ. ಸೇಂಟ್ ಪಾಲ್ ಇಗರ್ಜಿಯ ಮುಖಮಂಟಪದಲ್ಲಿ ಜನ ಆಸರೆ ಪಡೆದಿದ್ದಾರೆ. ಅವರ ನಡುವೆ ಹೂ ಮಾರುವ ಎಲೈಜಾ ಎಂಬ ಹುಡುಗಿ. ಆಕೆ ಅಲ್ಲಿರುವುದು ಆಕಸ್ಮಿಕವಲ್ಲ. ಆ ಮಂಟಪದ ಎದುರಿನ ಚೌಕವೇ ಕಾವೆಂಟ್ ಗಾರ್ಡನ್. ಮುನ್ನೂರು ವರ್ಷಗಳ ಕಾಲ ಲಂಡನ್ನಿಗೆ ತರಕಾರಿ, ಹಣ್ಣು, ಹೂಗಳನ್ನು ಒದಗಿಸಿದ ಪೇಟೆ.

ಅದು ಮೊದಲು ವೆಸ್ಟ್‌ಮಿನ್‌ಸ್ಟರ್ ಮಠದ ಸಂನ್ಯಾಸಿಗಳ ತೋಟ. ‘ಕಾವೆಂಟ್’ ಎಂಬುದು ‘ಕಾನ್ವೆಂಟ್’ ಪದದ ಹಳೆಯ ರೂಪ. (ನಮ್ಮಲ್ಲಿ ಕಾನ್ವೆಂಟ್ ಎಂದೊಡನೆ ಮಕ್ಕಳ ಶಾಲೆಯ ಶುಲ್ಕ ನೆನಪಾಗುತ್ತದೆ, ಆ ಮಾತು ಬೇರೆ.) ಎಂಟನೆಯ ಹೆನ್ರಿ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡ ಮೇಲೆ, 1552ರಲ್ಲಿ ಅದು ಬೆಡ್‌ಫರ್ಡಿನ ರಸೆಲ್ ಮನೆತನದ ಪಾಲಾಯಿತು. 1630ರ ದಶಕದಲ್ಲಿ ಇನಿಗೊ ಜೋನ್ಸ್ ಎಂಬ ವಾಸ್ತುಶಿಲ್ಪಿ ಇಟಲಿಯ ಮಾದರಿಯಲ್ಲಿ ಅಲ್ಲೊಂದು ವಿಶಾಲ ಚೌಕವನ್ನು ರೂಪಿಸಿದ. ಕುಲೀನರ ವಾಸಕ್ಕೆಂದು ಕಟ್ಟಿದ ಆ ಚೌಕಕ್ಕೆ ಸೊಪ್ಪಿನವರು ಬಂದರು. 1670ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಿಂದ ಪೇಟೆಗೆ ಸನ್ನದೂ ಬಂದಿತು. ಬಂದ ಸೊಪ್ಪಿನವರು ಹೋಗಲಿಲ್ಲ, ಕುಲೀನರೇ ಹೋದರು. ಚಾರ್ಲ್ಸ್ ಫೌಲರ್ ರಚಿಸಿದ ಕಂಬಸಾಲುಗಳ ಪೇಟೆಕಟ್ಟಡ 1830ರಲ್ಲಿ ಎದ್ದು ನಿಂತಿತು. ಅದೇ ಇಂದಿಗೂ ಉಳಿದಿರುವುದು.

ಇಪ್ಪತ್ತನೆಯ ಶತಮಾನದಲ್ಲಿ ಲಾರಿಗಳು ಬಂದವು. ಕುದುರೆಗಾಡಿಗೆಂದು ಹುಟ್ಟಿದ ಓಣಿಗಳಲ್ಲಿ ಅವು ಸಿಕ್ಕಿಕೊಂಡವು. ನಗರದ ನಡುವೆ ಸಗಟು ವ್ಯಾಪಾರ ಸಾಧ್ಯವಿಲ್ಲವೆಂಬುದು ಎಲ್ಲರಿಗೂ ಸ್ಪಷ್ಟವಾಗಿ, 1974ರ ನವೆಂಬರಿನಲ್ಲಿ ಪೇಟೆ ಥೇಮ್ಸ್ ನದಿಯಾಚೆಯ ನೈನ್ ಎಲ್ಮ್ಸ್‌ಗೆ ಹೋಯಿತು. ಅದರ ಕೊನೆಯ ದಿನಗಳನ್ನು ನೋಡಬೇಕೆನ್ನುವವರು ಹಿಚ್‌ಕಾಕ್ 1972ರಲ್ಲಿ ತೆಗೆದ ‘ಫ್ರೆಂಜಿ’ ಚಿತ್ರವನ್ನು ನೋಡಬಹುದು. ಹಿಚ್‌ಕಾಕ್ ತರಕಾರಿ ವ್ಯಾಪಾರಿಯ ಮಗ.

ಪೇಟೆ ಹೋಗುವುದೆಂದು ತಿಳಿದೊಡನೆ ಯೋಜನೆಯವರು ನಕ್ಷೆ ಬಿಡಿಸಿಬಿಟ್ಟಿದ್ದರು. 1968ರ ಆ ನಕ್ಷೆಯಲ್ಲಿ ಅಗಲವಾದ ರಸ್ತೆಗಳು, ಹೋಟೆಲುಗಳು, ಕಚೇರಿಗಳು, ಒಂದು ಸಮ್ಮೇಳನ ಭವನ ಎಲ್ಲವೂ ಇದ್ದವು. ಸುತ್ತಲಿನ ಹಳೆಯ ಮನೆಗಳಿಗೆ ಮಾತ್ರ ಸ್ಥಳವಿರಲಿಲ್ಲ. ಆ ಮನೆಗಳಲ್ಲಿ ಹಮಾಲರು, ಮುದ್ರಣಾಲಯದ ಕೆಲಸಗಾರರು, ರಂಗಭೂಮಿಯನ್ನು ನಂಬಿದ ಕುಶಲಕರ್ಮಿಗಳು ಬಾಳುತ್ತಿದ್ದರು. 1971ರಲ್ಲಿ ಅವರು ಸಂಘ ಕಟ್ಟಿದರು. ಸಾರ್ವಜನಿಕ ವಿಚಾರಣೆಯಲ್ಲಿ ಎದುರು ನಿಂತರು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಸೊಗಸಾದ ಪುಟ ಮುಂದಿನ ವರ್ಷದ್ದು: ಯೋಜನೆಯ ಸಮಿತಿಗೆ ಅಧ್ಯಕ್ಷೆಯಾಗಿದ್ದ ಲೇಡಿ ಡಾರ್ಟ್‌ಮೌತ್ ಅವರೇ, ಇದಕ್ಕೆ ಜನರ ಒಪ್ಪಿಗೆಯಿಲ್ಲವೆಂದು ರಾಜೀನಾಮೆಯಿತ್ತರು. ಅಧಿಕಾರದಲ್ಲಿ ಕುಳಿತವರಿಗೆ ಕಿವಿ ಕೇಳಿಸುವುದು ಅಷ್ಟು ಅಪರೂಪ! 1973ರಲ್ಲಿ ಸರಕಾರ ಸುಮಾರು 250 ಕಟ್ಟಡಗಳನ್ನು ರಕ್ಷಿತವೆಂದು ಪಟ್ಟಿಮಾಡಿತು. ಹಳೆಯ ನಕ್ಷೆ ಅಲ್ಲಿಗೆ ಮುಗಿಯಿತು.

ಇದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಏನಾಯಿತೆಂದು ನೋಡಿದರೆ ಈ ಗೆಲುವಿನ ತೂಕ ತಿಳಿಯುತ್ತದೆ. ಅಲ್ಲಿನ ಲೆ ಆಲ್ ಪೇಟೆಯನ್ನು ಎಮಿಲ್ ಜೋಲಾ ತನ್ನ ಒಂದು ಕಾದಂಬರಿಯಲ್ಲಿ ನಗರದ ಹೊಟ್ಟೆಯೆಂದೇ ಕರೆದಿದ್ದ. 1969ರಲ್ಲಿ ಆ ಪೇಟೆ ರಂಜೀಸ್‌ಗೆ ಹೋಯಿತು. 1971ರಲ್ಲಿ ಬಾಲ್ತಾರ್ ಕಟ್ಟಿದ ಕಬ್ಬಿಣ-ಗಾಜಿನ ಮಂಟಪಗಳನ್ನು ಕೆಡವತೊಡಗಿದರು. ನಗರದ ನಡುವೆ ಹಲವು ವರ್ಷ ಒಂದು ದೊಡ್ಡ ಹೊಂಡ ಬಾಯ್ದೆರೆದಿತ್ತು. 1979ರಲ್ಲಿ ಅಲ್ಲಿ ನೆಲದಡಿಯ ಅಂಗಡಿ ಸಂಕೀರ್ಣ ತೆರೆಯಿತು. ಹಳೆಯ ಮಂಟಪಗಳಲ್ಲಿ ಒಂದನ್ನು ಬಿಚ್ಚಿ ನೋಜಾನ್ ಎಂಬ ಪಕ್ಕದ ಊರಿನಲ್ಲಿ ಮತ್ತೆ ಜೋಡಿಸಿದ್ದಾರೆ, ನೆನಪಿಗೆ.

ಕಾವೆಂಟ್ ಗಾರ್ಡನ್ ಪೇಟೆ 1980ರಲ್ಲಿ ದುರಸ್ತಿಗೊಂಡು ಮತ್ತೆ ತೆರೆಯಿತು. ನಗರ ಮಂಡಲಿ ಅದನ್ನು ದೊಡ್ಡ ವ್ಯಾಪಾರಿಗಳಿಗೆ ಒಪ್ಪಿಸದೆ ಸಣ್ಣ ಅಂಗಡಿಗಳಿಗೂ ಉಪಾಹಾರಗೃಹಗಳಿಗೂ ಬಿಟ್ಟುಕೊಟ್ಟಿತು. ಹೂವಿನ ಪೇಟೆಯಲ್ಲಿ ಸಾರಿಗೆ ವಸ್ತುಸಂಗ್ರಹಾಲಯ ಬಂದಿತು. ಹತ್ತಿರದ ಮುದ್ರಣಾಲಯದ ನಿವೇಶನದಲ್ಲಿ ಸ್ಥಳೀಯರಿಗೆ ಬಾಡಿಗೆ ಮನೆಗಳು ಎದ್ದವು. 1662ರಲ್ಲಿ ದಿನಚರಿಕಾರ ಪೀಪ್ಸ್ ಇದೇ ಚೌಕದಲ್ಲಿ ಬೊಂಬೆಯಾಟ ನೋಡಿದ್ದ; ಅದೇ ಇಗರ್ಜಿಯ ಮುಂದೆ ಬೀದಿಯ ಆಟಗಾರರು ಮತ್ತೆ ನೆರೆದರು.

ಆದರೆ ಗೆದ್ದವರು ಯಾರು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. 1986ರಲ್ಲಿ ಆ ನಗರ ಮಂಡಲಿಯನ್ನೇ ರದ್ದುಪಡಿಸಲಾಯಿತು. ಪೇಟೆ ಖಾಸಗಿಯವರ ಕೈಸೇರಿತು. ಇಂದು ಕಂಬಸಾಲುಗಳ ನಡುವೆ ಸುಗಂಧದ್ರವ್ಯ, ಕೈಗಡಿಯಾರ, ಉಡುಪುಗಳ ಹೆಸರಾಂತ ಅಂಗಡಿಗಳಿವೆ, ಪ್ರವಾಸಿಗಳು ತುಂಬಿದ್ದಾರೆ. ಅಲ್ಲಿನ ನಿವಾಸಿಯೊಬ್ಬ ಒಂದು ಕೋಸು ಬೇಕೆಂದರೆ ಆ ಮಹಾಪೇಟೆಯಿಂದ ಹೊರಗೆ ನಡೆಯಬೇಕು. ಕಲ್ಲನ್ನು ಉಳಿಸಲು ಪಟ್ಟಿಯೊಂದು ಸಾಕಾಯಿತು. ಬಾಡಿಗೆಯನ್ನು ತಡೆಯಬಲ್ಲ ಪಟ್ಟಿ ಯಾರಲ್ಲಿಯೂ ಇರಲಿಲ್ಲ. ಹಾಗೆಂದು ಹೋರಾಟ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಮನೆಗಳು ಉಳಿದಿವೆ, 1971ರ ಸಂಘ ಉಳಿದಿದೆ. ಅದು ಈಗ ತಡರಾತ್ರಿಯ ಗದ್ದಲದ ಮೇಲೂ ಹೊಸ ಪರವಾನಗಿಗಳ ಮೇಲೂ ವಾದಿಸುತ್ತದೆ.

ಸಗಟು ಪೇಟೆ ಮಾತ್ರ ಹೆಸರನ್ನು ಜೊತೆಗೇ ಒಯ್ದಿತು. ನೈನ್ ಎಲ್ಮ್ಸ್‌ನ ‘ಹೊಸ ಕಾವೆಂಟ್ ಗಾರ್ಡನ್’ನಲ್ಲಿ ಈಗಲೂ ನಡುರಾತ್ರಿಗೆ ದೀಪ ಉರಿಯುತ್ತದೆ, ಲಾರಿಗಳಿಂದ ಪೆಟ್ಟಿಗೆಗಳು ಇಳಿಯುತ್ತವೆ, ಬೆಳಗಾಗುವ ಹೊತ್ತಿಗೆ ಹೂಗಳು ಲಂಡನ್ನಿನ ಅಂಗಡಿಗಳಿಗೆ ಹೊರಟಿರುತ್ತವೆ.