ಅಶಕ್ತ ಬೆಕ್ಕಿನ ಮೈಶುಚಿ

ಅಶಕ್ತ ಬೆಕ್ಕಿನ ಮೈಶುಚಿ ಎಂದರೆ ಮುಪ್ಪು, ಬೊಜ್ಜು, ಕಾಯಿಲೆ ಅಥವಾ ಗಾಯದಿಂದಾಗಿ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳಲಾರದ ಸಾಕುಬೆಕ್ಕನ್ನು ಮನುಷ್ಯರು ಬಾಚಿ, ಒರೆಸಿ, ಅಗತ್ಯವಿದ್ದಾಗ ತೊಳೆದು ಚೊಕ್ಕಟವಾಗಿಡುವ ಆರೈಕೆ. ಆರೋಗ್ಯವಂತ ಬೆಕ್ಕಿಗೆ ಸಾಮಾನ್ಯವಾಗಿ ಸ್ನಾನದ ಅಗತ್ಯವಿರುವುದಿಲ್ಲ. ಆದುದರಿಂದ ಬೆಕ್ಕು ನೆಕ್ಕಿಕೊಳ್ಳುವುದನ್ನು ಕಡಿಮೆ ಮಾಡಿದರೆ ಅದನ್ನು ಸೋಮಾರಿತನವೆಂದು ಭಾವಿಸದೆ ರೋಗಲಕ್ಷಣವೆಂದು ಪರಿಗಣಿಸಲಾಗುತ್ತದೆ. ಬೆಕ್ಕಿನ ಮೈಗೆ ಹಚ್ಚಿದ ವಸ್ತು ನಾಲಿಗೆಯ ಮೂಲಕ ಹೊಟ್ಟೆಗೂ ಸೇರುವುದರಿಂದ, ಯಾವುದನ್ನು ಬಳಸಬಾರದು ಎಂಬುದು ಈ ಆರೈಕೆಯ ಮುಖ್ಯ ತಿಳಿವಳಿಕೆಯಾಗಿದೆ.

ಸಹಜ ಮೈಶುಚಿ

ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ನೂರಾರು ಸಣ್ಣ ಮುಳ್ಳುಗಳಿವೆ. ಇವು ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದವು. ಅಮೆರಿಕದ ಅಲೆಕ್ಸಿಸ್ ನೊಯೆಲ್ ಮತ್ತು ಡೇವಿಡ್ ಹು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮುಳ್ಳುಗಳ ತುದಿಯಲ್ಲಿ ಟೊಳ್ಳು ಇರುವುದನ್ನೂ, ಅದು ಜೊಲ್ಲನ್ನು ಹೀರಿಟ್ಟುಕೊಂಡು ಕೂದಲಿನ ಬುಡಕ್ಕೆ ತಲುಪಿಸುವುದನ್ನೂ ತೋರಿಸಿತು. ನೆಕ್ಕುವುದರಿಂದ ಧೂಳು, ಉದುರಿದ ಕೂದಲು ಮತ್ತು ಚಿಗಟಗಳು ಹೋಗುತ್ತವೆ, ಚರ್ಮದ ಎಣ್ಣೆ ಮೈಯಲ್ಲೆಲ್ಲ ಸಮನಾಗಿ ಹರಡುತ್ತದೆ. ಜೊಲ್ಲು ಆವಿಯಾಗುವಾಗ ಮೈ ತಂಪಾಗುತ್ತದೆ. ನೆಕ್ಕುವುದು ನಿಂತರೆ ಈ ಎಲ್ಲ ಕೆಲಸಗಳೂ ಒಮ್ಮೆಗೇ ನಿಲ್ಲುತ್ತವೆ.

ಕಾರಣಗಳು

ಕೀಲುನೋವು: ವಯಸ್ಸಾದ ಬೆಕ್ಕುಗಳಲ್ಲಿ ಇದು ಪ್ರಮುಖ ಕಾರಣ. 12 ವರ್ಷ ಮೀರಿದ 100 ಬೆಕ್ಕುಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ 90ರಷ್ಟು ಬೆಕ್ಕುಗಳ ಕೀಲುಗಳಲ್ಲಿ ಸವೆತ ಕಂಡುಬಂದಿತ್ತು. ಬೆನ್ನು ಬಗ್ಗದ ಬೆಕ್ಕು ಸೊಂಟ ಮತ್ತು ಬಾಲದ ಬುಡವನ್ನು ತಲುಪಲಾರದು.
ಬೊಜ್ಜು: ಹೊಟ್ಟೆ ಅಡ್ಡ ಬರುವುದರಿಂದ ಮಲದ್ವಾರದ ಸುತ್ತಲಿನ ಭಾಗ ಶುಚಿಯಾಗದೆ ಉಳಿಯುತ್ತದೆ.
ಬಾಯಿಯ ತೊಂದರೆ: ಹಲ್ಲುನೋವು, ಒಸಡಿನ ಊತ ಅಥವಾ ಬಾಯಿಹುಣ್ಣು ಇದ್ದಾಗ ನೆಕ್ಕುವುದೇ ಯಾತನೆಯಾಗುತ್ತದೆ.
ಇತರ ಕಾಯಿಲೆಗಳು: ಮೂತ್ರಪಿಂಡದ ವೈಫಲ್ಯ, ಮಧುಮೇಹ ಮತ್ತು ದೀರ್ಘಕಾಲದ ಜ್ವರದಲ್ಲಿ ಬೆಕ್ಕು ನಿತ್ರಾಣಗೊಂಡು ಮೈಯ ಕಡೆಗೆ ಗಮನ ಕೊಡುವುದಿಲ್ಲ.
ಗಾಯ ಮತ್ತು ಶಸ್ತ್ರಚಿಕಿತ್ಸೆ: ವಾಹನ ಬಡಿದು ಹಿಂಗಾಲುಗಳ ಸ್ವಾಧೀನ ತಪ್ಪಿದ ಬೆಕ್ಕುಗಳಿಗೂ, ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ತೊಡಿಸಿದ ಬೆಕ್ಕುಗಳಿಗೂ ನೆರವು ಬೇಕಾಗುತ್ತದೆ.
ತಾಯಿಯಿಲ್ಲದ ಮರಿಗಳು: ಮರಿಗಳ ಮೈಯನ್ನು ನೆಕ್ಕಿ ಶುಚಿಮಾಡುವುದು ತಾಯಿ. ಮೊದಲ ಕೆಲವು ವಾರಗಳಲ್ಲಿ ಮಲಮೂತ್ರ ವಿಸರ್ಜನೆಗೂ ತಾಯಿಯ ನಾಲಿಗೆಯ ಸ್ಪರ್ಶ ಬೇಕು. ತಾಯಿ ಇಲ್ಲದಿದ್ದರೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಗುರವಾಗಿ ಒರೆಸಿ ಈ ಕೆಲಸ ಮಾಡಬೇಕಾಗುತ್ತದೆ.

ಲಕ್ಷಣಗಳು ಮತ್ತು ಪರಿಣಾಮಗಳು

ಕೂದಲು ಮಂಕಾಗಿ ಜಿಡ್ಡುಗಟ್ಟುವುದು, ಬೆನ್ನಿನ ಕೆಳಭಾಗದಲ್ಲಿ ಹೊಟ್ಟು ಕಾಣಿಸುವುದು, ಸಿಕ್ಕು ಬೀಳುವುದು ಮತ್ತು ಮೂತ್ರದ ವಾಸನೆ ಬರುವುದು ಆರಂಭದ ಲಕ್ಷಣಗಳು. ಸಿಕ್ಕು ಬಿಗಿಯಾದಂತೆ ಚರ್ಮವನ್ನು ಎಳೆಯುತ್ತದೆ, ಅದರ ಅಡಿಯಲ್ಲಿ ತೇವ ನಿಂತು ಹುಣ್ಣಾಗುತ್ತದೆ. ಮಲಮೂತ್ರದಿಂದ ಒದ್ದೆಯಾದ ಕೂದಲಿನಲ್ಲಿ ನೊಣಗಳು ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುಗಳಾಗಬಹುದು. ದನದ ಕೊಟ್ಟಿಗೆಯ ಸಮೀಪವಿರುವ ಮನೆಗಳಲ್ಲಿ ನೊಣಗಳು ಹೆಚ್ಚಿರುವುದರಿಂದ ಈ ಅಪಾಯವೂ ಹೆಚ್ಚು. ಹುಳು ಬಿದ್ದ ಬೆಕ್ಕಿಗೆ ತಡಮಾಡದೆ ಚಿಕಿತ್ಸೆ ಕೊಡಿಸಬೇಕು.

ಶುಚಿಗೊಳಿಸುವ ಕ್ರಮ

ಬಾಚುವುದು. ದಿನಕ್ಕೆ ಐದು ನಿಮಿಷ ಮೃದುವಾಗಿ ಬಾಚಿದರೆ ಬಹುಪಾಲು ಬೆಕ್ಕುಗಳಿಗೆ ಸ್ನಾನ ಬೇಕಾಗುವುದಿಲ್ಲ. ಮೊದಲು ಅಗಲ ಹಲ್ಲಿನ, ಅನಂತರ ಒತ್ತು ಹಲ್ಲಿನ ಬಾಚಣಿಗೆಯನ್ನು ಬಳಸಬೇಕು. ಸಣ್ಣ ಸಿಕ್ಕಿಗೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಬೆರಳಿನಿಂದ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬರಬೇಕು. ಕತ್ತರಿಯನ್ನು ಬಳಸಬಾರದು. ಬೆಕ್ಕಿನ ಚರ್ಮ ತೆಳುವಾಗಿದ್ದು ಸಿಕ್ಕಿನೊಂದಿಗೆ ಮೇಲೆದ್ದು ಬರುವುದರಿಂದ ಕೂದಲಿನ ಜೊತೆ ಚರ್ಮವೂ ಕತ್ತರಿಸಿಹೋಗುತ್ತದೆ. ಬಿಗಿಯಾದ ಸಿಕ್ಕನ್ನು ಪಶುವೈದ್ಯರಿಂದ ಬೋಳಿಸಿಸುವುದು ಕ್ಷೇಮ.

ಒರೆಸುವುದು. ಕೊಳೆಯಾದ ಭಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಬೇಕು. ಒಂದು ಕಣ್ಣಿಗೆ ಬಳಸಿದ ಹತ್ತಿಯನ್ನು ಇನ್ನೊಂದಕ್ಕೆ ಬಳಸಬಾರದು. ಕಿವಿಯೊಳಗೆ ಕಡ್ಡಿ ಹಾಕಬಾರದು.

ಸ್ನಾನ. ಬಾಚಿ ಒರೆಸಿದರೂ ಹೋಗದಷ್ಟು ಕೊಳೆ ಇದ್ದರೆ ಮಾತ್ರ ಸ್ನಾನ ಮಾಡಿಸಲಾಗುತ್ತದೆ. ನೀರು ತಾಗಿದೊಡನೆ ಸಿಕ್ಕು ಮತ್ತಷ್ಟು ಬಿಗಿಯುವುದರಿಂದ ಮೊದಲೇ ಬಾಚಿರಬೇಕು. ಟಬ್ಬಿನ ತಳದಲ್ಲಿ ಕಾಲು ಜಾರದಂತೆ ಗೋಣಿಚೀಲ ಅಥವಾ ರಬ್ಬರ್ ಹಾಸು ಹಾಕಿ, ಬೆಕ್ಕಿನ ಹೊಟ್ಟೆ ಮುಟ್ಟದಷ್ಟು ಮಾತ್ರ ನೀರು ತುಂಬಬೇಕು. ನೀರು ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ ಮೊಣಕೈಗೆ ಹಿತವೆನಿಸುವಷ್ಟು ಬಿಸಿಯಿರಬೇಕು. ಚೊಂಬಿನಿಂದ ನಿಧಾನವಾಗಿ ಕತ್ತಿನ ಕೆಳಗೆ ಮಾತ್ರ ನೀರು ಹಾಕಿ, ಬೆಕ್ಕಿಗೆಂದೇ ತಯಾರಾದ ಶಾಂಪೂವನ್ನು ಸ್ವಲ್ಪವೇ ಬಳಸಿ, ನೊರೆ ಲೇಶವೂ ಉಳಿಯದಂತೆ ತೊಳೆಯಬೇಕು. ಮುದಿ ಬೆಕ್ಕಿನ ಮೈಶಾಖ ಬೇಗನೆ ಇಳಿಯುವುದರಿಂದ ನಡುಹಗಲಿನಲ್ಲಿ ಸ್ನಾನ ಮುಗಿಸಿ, ಟವೆಲ್ಲಿನಲ್ಲಿ ಸುತ್ತಿ, ಪೂರ್ತಿ ಒಣಗುವವರೆಗೆ ಗಾಳಿಯಾಡದ ಬೆಚ್ಚನೆಯ ಕಡೆ ಇರಿಸಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಸ್ನಾನವನ್ನು ಅಲ್ಲಿಗೇ ನಿಲ್ಲಿಸಬೇಕು.

ವಿಷಕಾರಿ ವಸ್ತುಗಳು

ಫೀನಾಲ್ ವರ್ಗದ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಹೀಗಾಗಿ ಮನುಷ್ಯರಿಗೂ ನಾಯಿಗಳಿಗೂ ಹೊಂದುವ ಅನೇಕ ವಸ್ತುಗಳು ಬೆಕ್ಕಿಗೆ ಪ್ರಾಣಾಂತಿಕ. ಫಿನೈಲ್, ಡೆಟಾಲ್, ಕರ್ಪೂರ, ನೀಲಗಿರಿ ಎಣ್ಣೆ ಮತ್ತು ಸೀಮೆಎಣ್ಣೆಗಳನ್ನು ಬೆಕ್ಕಿನ ಮೈಗೆ ಸೋಕಿಸಬಾರದು. ಬೇವಿನ ಎಣ್ಣೆಯನ್ನು ಹಾಗೆಯೇ ಹಚ್ಚುವುದೂ ಸುರಕ್ಷಿತವಲ್ಲ. ಕೀಲುನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದು ಬೆಕ್ಕಿನ ಸಾವಿಗೆ ಕಾರಣವಾಗಬಲ್ಲದು.

ದನ ಮತ್ತು ನಾಯಿಗಳ ಉಣ್ಣೆ ನಿವಾರಣೆಗೆ ಬಳಸುವ ಪರ್ಮೆಥ್ರಿನ್, ಸೈಪರ್ಮೆಥ್ರಿನ್ ಮತ್ತು ಡೆಲ್ಟಾಮೆಥ್ರಿನ್ ಔಷಧಗಳು ಬೆಕ್ಕಿನಲ್ಲಿ ನಡುಕ ಮತ್ತು ಸೆಳವನ್ನುಂಟುಮಾಡುತ್ತವೆ. ಇಂತಹ ಔಷಧ ತಾಗಿದ್ದರೆ ಬೆಕ್ಕು ನೆಕ್ಕದಂತೆ ಟವೆಲ್ಲಿನಲ್ಲಿ ಸುತ್ತಿ ಕೂಡಲೇ ಪಶುವೈದ್ಯರನ್ನು ಕಾಣಬೇಕು.

ಗ್ರಾಮೀಣ ಪರಿಸರದಲ್ಲಿ

ಹೊಸಕೋಟೆ ತಾಲ್ಲೂಕಿನ ನಂದಗುಡಿಯಂತಹ ಹೋಬಳಿಗಳಲ್ಲಿ ಹೈನುಗಾರಿಕೆಯೂ ರೇಷ್ಮೆ ಕೃಷಿಯೂ ಜೊತೆಜೊತೆಗೆ ನಡೆಯುತ್ತವೆ. ಇಂತಹ ಕಡೆ ಬೆಕ್ಕನ್ನು ಮುಖ್ಯವಾಗಿ ಇಲಿ ಹಿಡಿಯಲೆಂದು ಸಾಕುತ್ತಾರೆ. ಮುಪ್ಪಾಗಿ ಇಲಿ ಹಿಡಿಯಲಾರದ ಬೆಕ್ಕು ಮೈಕೊಳೆಯಾದಾಗ ಮನೆಯಿಂದ ದೂರವಾಗುವ ಸಂಭವವಿರುತ್ತದೆ. ಕೊಟ್ಟಿಗೆಗೆ ತಂದಿರಿಸಿದ ಉಣ್ಣೆ ಔಷಧವನ್ನೇ ಬೆಕ್ಕಿಗೂ ಬಳಸುವುದು ಇಲ್ಲಿ ಎಚ್ಚರ ವಹಿಸಬೇಕಾದ ಮೊದಲ ಸಂಗತಿ. ಹುಳು ಸಾಕಣೆ ಮನೆಗಳ ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪುಡಿ ಮತ್ತು ಸುಣ್ಣ ಬೆಕ್ಕಿನ ಪಾದಕ್ಕೆ ಅಂಟಿದರೆ, ನೆಕ್ಕುವ ಮೊದಲೇ ನೀರಿನಿಂದ ತೊಳೆಯಬೇಕು.

ಆರೈಕೆ ಮಾಡುವವರ ಸುರಕ್ಷತೆ

ನೋವಿರುವ ಕಡೆ ಮುಟ್ಟಿದಾಗ ಸಾಧು ಬೆಕ್ಕೂ ಪರಚಬಹುದು ಅಥವಾ ಕಚ್ಚಬಹುದು. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ರೇಬಿಸ್ ಲಸಿಕೆಯ ಬಗ್ಗೆ ಅಂದೇ ವೈದ್ಯರನ್ನು ಕೇಳಬೇಕು. ಬೆಕ್ಕಿನ ಮೈಯಲ್ಲಿ ದುಂಡಗೆ ಕೂದಲು ಉದುರಿದ ಕಲೆಗಳಿದ್ದರೆ ಅದು ಮನುಷ್ಯರಿಗೂ ಹರಡುವ ಹುಳುಕಡ್ಡಿಯಾಗಿರಬಹುದು. ಆದುದರಿಂದ ಕೈಗವಸು ಧರಿಸುವುದು ಒಳಿತು.

ವೈದ್ಯಕೀಯ ನೆರವು

ಶುಚಿಗೊಳಿಸುವುದರಿಂದ ಬೆಕ್ಕಿಗೆ ನೆಮ್ಮದಿ ಸಿಗುತ್ತದೆ, ಆದರೆ ಮೂಲ ಕಾಯಿಲೆ ವಾಸಿಯಾಗುವುದಿಲ್ಲ. ಹಲ್ಲು ಅಥವಾ ಕೀಲಿನ ನೋವಿಗೆ ಚಿಕಿತ್ಸೆ ದೊರೆತ ಬಳಿಕ ಹಲವು ಬೆಕ್ಕುಗಳು ಮತ್ತೆ ತಾವೇ ನೆಕ್ಕಿಕೊಳ್ಳತೊಡಗುತ್ತವೆ. ಕರ್ನಾಟಕದಲ್ಲಿ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳಲ್ಲಿ ಸಲಹೆ ಪಡೆಯಬಹುದು. ಪಶು ಚಿಕಿತ್ಸೆಯ ಸಹಾಯವಾಣಿ ಸಂಖ್ಯೆ 1962. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ನೀಡಲಾಗುತ್ತದೆ.