ಪರೀಕ್ಷೆ ಪಾಸಾದ ಕೇಬಲ್ ಮರುವಾರವೇ ಸುಟ್ಟಿದ್ದೇಕೆ?

ಬೋರ್‌ವೆಲ್ ಮೋಟಾರು ಕೈಕೊಟ್ಟಾಗ ಎಲೆಕ್ಟ್ರಿಷಿಯನ್ ಮೆಗ್ಗರ್ ತೆಗೆದು ಹಿಡಿಕೆ ತಿರುಗಿಸುವುದನ್ನು ನೀವು ನೋಡಿರುತ್ತೀರಿ. ಮುಳ್ಳು ಸೊನ್ನೆಗೆ ಬಿದ್ದರೆ ಕೇಬಲ್ಲೋ ವೈಂಡಿಂಗೋ ನೀರು ಕುಡಿದಿದೆ ಎಂದು ಲೆಕ್ಕ. ಎರಡು ನಿಮಿಷದ ಕೆಲಸ. ಅದರ ಮೇಲೆ ಮೋಟಾರು ಎತ್ತಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ.

ಇದೇ ಪ್ರಶ್ನೆ 11 ಕೆವಿ, 33 ಕೆವಿ, 220 ಕೆವಿ ಕೇಬಲ್ಲಿಗೂ ಇದೆ. ನೆಲದಡಿ ಹೂತ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಚೆನ್ನಾಗಿದೆ ಎಂದು ಹೇಳುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಜಗತ್ತಿನ ಎಂಜಿನಿಯರುಗಳಿಗೆ ನೂರು ವರ್ಷ ಬೇಕಾಯಿತು. ನಡುವೆ ಕೆಲವು ದಶಕ, ನಂಬಿಕೆಯಿಂದ ಮಾಡುತ್ತಿದ್ದ ಪರೀಕ್ಷೆಯೇ ಹಳೆಯ ಕೇಬಲ್‌ಗಳ ಆಯಸ್ಸು ಕಡಿಮೆ ಮಾಡುತ್ತಿತ್ತು. ಆ ಕಥೆ ಇಲ್ಲಿದೆ.

ಉಳಿ ಬಡಿದು ತೋರಿಸಿದ ಧೈರ್ಯ

1890ರ ಆಸುಪಾಸು. ಲಂಡನ್ನಿನ ಸೆಬಾಸ್ಟಿಯನ್ ಡಿ ಫೆರಾಂಟಿ ಎಂಬ ಯುವ ಎಂಜಿನಿಯರ್ ಊರ ಹೊರಗೆ ಡೆಪ್ಟ್‌ಫರ್ಡ್‌ನಲ್ಲಿ ದೊಡ್ಡ ವಿದ್ಯುತ್ ಕೇಂದ್ರ ಕಟ್ಟಿದ. ಅಲ್ಲಿಂದ ನಗರದ ಒಳಕ್ಕೆ 10,000 ವೋಲ್ಟ್ ತರಬೇಕು. ಅಷ್ಟು ವೋಲ್ಟೇಜ್ ತಡೆಯುವ ಕೇಬಲ್ ಆಗ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಅವನೇ ಮಾಡಿಸಿದ. ಒಂದು ತಾಮ್ರದ ಕೊಳವೆ, ಅದರ ಸುತ್ತ ಮೇಣದಲ್ಲಿ ನೆನೆಸಿದ ಕಂದು ಕಾಗದ, ಅದರ ಮೇಲೆ ಇನ್ನೊಂದು ತಾಮ್ರದ ಕೊಳವೆ. 20 ಅಡಿ ಉದ್ದದ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗಬೇಕು. ಮೈಲುಗಟ್ಟಲೆ ದಾರಿಗೆ ಸಾವಿರಾರು ಜಾಯಿಂಟು.

ಯಾರಾದರೂ ರಸ್ತೆ ಅಗೆಯುವಾಗ ಗುದ್ದಲಿ ತಗುಲಿದರೆ ಜೀವ ಹೋಗುತ್ತದಲ್ಲ ಎಂಬುದು ಅಧಿಕಾರಿಗಳ ಭಯ. ಫೆರಾಂಟಿ ಮಾತಿನಲ್ಲಿ ಉತ್ತರ ಕೊಡಲಿಲ್ಲ. ವಿದ್ಯುತ್ ಹರಿಯುತ್ತಿದ್ದ ಕೇಬಲ್ಲಿಗೇ ಅವನ ಸಹಾಯಕನೊಬ್ಬ ಉಳಿ ಹಿಡಿದ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆದ. ಫ್ಯೂಸ್ ಹೋಯಿತು, ಯಾರಿಗೂ ಏನೂ ಆಗಲಿಲ್ಲ. ಹೊರಗಿನ ತಾಮ್ರದ ಕೊಳವೆ ಭೂಮಿಗೆ ಅರ್ಥ್ ಆಗಿತ್ತು. ಉಳಿ ಮೊದಲು ಅದನ್ನು ಮುಟ್ಟಿಯೇ ಒಳಗೆ ಹೋಗಬೇಕು. ಹಾಗಾಗಿ ಕರೆಂಟು ಮನುಷ್ಯನ ಮೈಯನ್ನು ಬಿಟ್ಟು ನೇರ ಭೂಮಿಗೆ ಇಳಿಯಿತು.

ಆ ಕೇಬಲ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ದುಡಿಯಿತು. ಆದರೆ ಉಳಿಯ ಪ್ರಯೋಗದಿಂದ ತಿಳಿದದ್ದು ಒಂದೇ ಸಂಗತಿ: ಕೇಬಲ್ ಕೆಟ್ಟರೆ ಮನುಷ್ಯ ಸಾಯುವುದಿಲ್ಲ. ಹೂತ ಕೇಬಲ್ ನಾಳೆ ಕೆಡುತ್ತದೆಯೇ ಇಲ್ಲವೇ ಎಂದು ಅದು ಹೇಳಲಿಲ್ಲ.

ಟಿಸಿಗಿಂತ ದೊಡ್ಡ ಯಂತ್ರ ಬೇಕಿತ್ತು

ಕಾರ್ಖಾನೆಯಲ್ಲಿ ಕೇಬಲ್ ಡ್ರಮ್ಮಿನ ಮೇಲಿರುವಾಗಲೇ ಪರೀಕ್ಷೆಯಾಗುತ್ತದೆ. ಹಾಗಿದ್ದರೆ ಹೂತ ಮೇಲೆ ಮತ್ತೆ ಯಾಕೆ? ಲಾರಿಯಿಂದ ಇಳಿಸುವಾಗ ಪೆಟ್ಟು ಬಿದ್ದಿರಬಹುದು. ಎಳೆಯುವಾಗ ಕಲ್ಲು ಗೀರಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಜಾಯಿಂಟ್ ಮಾಡುವುದು ಗುಂಡಿಯಲ್ಲಿ ಕೂತ ಮನುಷ್ಯನ ಕೈ. ಅಲ್ಲಿ ಒಂದು ಹನಿ ಬೆವರು, ಒಂದು ಚಿಟಿಕೆ ಧೂಳು ಸಾಕು. ಸ್ಥಳದಲ್ಲಿ ಮಾಡುವ ಪರೀಕ್ಷೆ ನಿಜಕ್ಕೂ ಹುಡುಕುವುದು ಇವನ್ನೇ.

ತೊಂದರೆ ಇರುವುದು ಇಲ್ಲಿ. ಕೇಬಲ್ಲಿನ ಒಳಗೆ ಲೋಹ, ಹೊರಗೆ ಲೋಹ, ನಡುವೆ ಇನ್ಸುಲೇಷನ್. ಅಂದರೆ ಅದೊಂದು ಉದ್ದನೆಯ ಕೆಪಾಸಿಟರ್. ನಿಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲಿರುತ್ತದಲ್ಲ, ಅದೇ ಜಾತಿ. ಎಸಿ ಕೊಟ್ಟರೆ ಸೆಕೆಂಡಿಗೆ 50 ಸಲ ಒಂದು ದಿಕ್ಕಿಗೆ, 50 ಸಲ ಇನ್ನೊಂದು ದಿಕ್ಕಿಗೆ ಅದನ್ನು ತುಂಬಿಸಿ ಖಾಲಿ ಮಾಡಬೇಕು.

ಲೆಕ್ಕ ಹಾಕಿ ನೋಡೋಣ. ಸುಮಾರು 3 ಕಿ.ಮೀ. ಉದ್ದದ 11 ಕೆವಿ ಕೇಬಲ್ಲಿನ ಕೆಪಾಸಿಟನ್ಸ್ 1 ಮೈಕ್ರೊಫ್ಯಾರಡ್ ಎಂದುಕೊಳ್ಳಿ. ಅದಕ್ಕೆ 20,000 ವೋಲ್ಟ್ ಎಸಿ ಕೊಟ್ಟು ಪರೀಕ್ಷಿಸಲು 6 ಆಂಪಿಯರಿಗೂ ಹೆಚ್ಚು ಕರೆಂಟು ಬೇಕು. ಅಂದರೆ ಸುಮಾರು 125 ಕೆವಿಎ. ಊರ ಮುಂದಿನ 100 ಕೆವಿಎ ಟಿಸಿಗಿಂತ ದೊಡ್ಡ ಯಂತ್ರವನ್ನು ಪ್ರತಿ ಗುಂಡಿಯ ಹತ್ತಿರಕ್ಕೂ ಹೊತ್ತು ತರುವುದು ಯಾರಿಂದ ಆದೀತು?

ಹಾಗಾಗಿ ಡಿಸಿ ಬಂತು. ಡಿಸಿ ಕೊಟ್ಟರೆ ಕೇಬಲ್ಲನ್ನು ಒಂದು ಸಲ ತುಂಬಿಸಿದರೆ ಮುಗಿಯಿತು. ಆಮೇಲೆ ಸೋರಿಕೆ ಎಷ್ಟು ಎಂದು ಮೀಟರಿನಲ್ಲಿ ನೋಡುವುದಷ್ಟೇ. ಯಂತ್ರ ಜೀಪಿನಲ್ಲಿ ಹಿಡಿಯುತ್ತದೆ. ಆಗಿನ ಕೇಬಲ್‌ಗಳು ಎಣ್ಣೆಯಲ್ಲಿ ನೆನೆಸಿದ ಕಾಗದ ಸುತ್ತಿ ಸೀಸದ ಕವಚ ಹಾಕಿದವು. ಅವುಗಳೊಳಗೆ ತೇವ ಹೊಕ್ಕಿದ್ದರೆ ಡಿಸಿ ಚೆನ್ನಾಗಿಯೇ ಹಿಡಿಯುತ್ತಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ರೂಢಿ, ಅದೇ ಮಾನದಂಡ. ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಐಇಇಇ 1980ರಲ್ಲಿ ಹೊರತಂದ 400ನೇ ನಂಬರಿನ ಮಾರ್ಗದರ್ಶಿಯೂ ಡಿಸಿ ಪರೀಕ್ಷೆಯ ಕುರಿತೇ ಇತ್ತು.

ಕೇಬಲ್ ಬದಲಾಯಿತು, ಪರೀಕ್ಷೆ ಬದಲಾಗಲಿಲ್ಲ

1960ರ ದಶಕದಲ್ಲಿ ಎಕ್ಸ್‌ಎಲ್‌ಪಿಇ ಎಂಬ ಹೊಸ ಪ್ಲಾಸ್ಟಿಕ್ ಕೇಬಲ್ ಬಂತು. ಎಣ್ಣೆಯಿಲ್ಲ, ಸೀಸದ ಭಾರವಿಲ್ಲ, ಜಾಯಿಂಟ್ ಸುಲಭ. 90 ಡಿಗ್ರಿ ಬಿಸಿಯವರೆಗೂ ಹಗಲೂ ರಾತ್ರಿ ದುಡಿಯುತ್ತದೆ. ಎಲ್ಲ ದೇಶಗಳೂ ಅದನ್ನೇ ಹೂಳತೊಡಗಿದವು. ನಮ್ಮಲ್ಲಿ ಈಗ ನೆಲದಡಿ ಹೋಗುವ 11 ಕೆವಿ, 33 ಕೆವಿ ಕೇಬಲ್‌ಗಳಲ್ಲಿ ಹೆಚ್ಚಿನವು ಇದೇ ಜಾತಿ.

ದಶಕ ಕಳೆಯುವಷ್ಟರಲ್ಲಿ ದೂರು ಶುರುವಾಯಿತು. ಮೂವತ್ತು, ನಲವತ್ತು ವರ್ಷ ಬಾಳಬೇಕಿದ್ದ ಕೇಬಲ್ ಹತ್ತು ವರ್ಷಕ್ಕೇ ಸುಡುತ್ತಿತ್ತು. ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ಸುಲೇಷನ್ನಿನೊಳಗೆ ಪುಟ್ಟ ಗಿಡದಂಥ ಆಕಾರಗಳು. ಮಣ್ಣಿನ ತೇವ ಮತ್ತು ವೋಲ್ಟೇಜಿನ ಒತ್ತಡ ಎರಡೂ ಸೇರಿ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದ ಕವಲುಗಳು. ಇವಕ್ಕೆ 'ನೀರಿನ ಮರ' ಎಂದೇ ಹೆಸರಾಯಿತು. ಜಪಾನಿನಲ್ಲಿ 1960ರ ದಶಕದ ಕೊನೆಗೇ ಇವನ್ನು ಗುರುತಿಸಿದ್ದರು.

ಇನ್ನೊಂದು ಸಂಗತಿ ಅದಕ್ಕಿಂತ ವಿಚಿತ್ರವಾಗಿತ್ತು. ಒಂದು ಕೇಬಲ್ ಕೆಟ್ಟಿತು ಎಂದುಕೊಳ್ಳಿ. ರಿಪೇರಿ ಮಾಡಿದರು, ನಿಯಮದಂತೆ ಡಿಸಿ ಪರೀಕ್ಷೆ ಮಾಡಿದರು, ಪಾಸಾಯಿತು, ಚಾರ್ಜ್ ಮಾಡಿದರು. ಕೆಲವೇ ದಿನದಲ್ಲಿ ಅದೇ ಕೇಬಲ್ ಬೇರೆ ಜಾಗದಲ್ಲಿ ಸುಟ್ಟಿತು.

ಕಾರಣ ಎರಡು. ಮೊದಲನೆಯದು, ಡಿಸಿ ಒತ್ತಡ ಕೇಬಲ್ಲಿನೊಳಗೆ ಹಂಚಿಕೊಳ್ಳುವ ರೀತಿಯೇ ಬೇರೆ, ದಿನವೂ ಹರಿಯುವ ಎಸಿಯದ್ದೇ ಬೇರೆ. ಜಾಯಿಂಟಿನೊಳಗಿನ ಗಾಳಿಗುಳ್ಳೆ ಎಸಿಯಲ್ಲಿ ಕಿಡಿ ಹಾರಿಸುತ್ತದೆ, ಡಿಸಿಯಲ್ಲಿ ಸುಮ್ಮನಿದ್ದುಬಿಡಬಹುದು. ಎರಡನೆಯದು ಇನ್ನೂ ಕೆಟ್ಟದ್ದು. ಎಕ್ಸ್‌ಎಲ್‌ಪಿಇ ಅತಿ ಒಳ್ಳೆಯ ಇನ್ಸುಲೇಟರ್. ಹಾಗಾಗಿ ಡಿಸಿ ಕೊಟ್ಟಾಗ ಒಳಹೊಕ್ಕ ಚಾರ್ಜು, ನೀರಿನ ಮರಗಳಿರುವ ಕಡೆ ಸಿಕ್ಕಿಹಾಕಿಕೊಂಡು ಹೊರಬರುವುದೇ ಇಲ್ಲ. ಅದರ ಮೇಲೆ ಮತ್ತೆ ಎಸಿ ಬಿಟ್ಟರೆ ಎರಡೂ ಸೇರಿ ಆ ದುರ್ಬಲ ಜಾಗವನ್ನು ಸೀಳುತ್ತವೆ.

ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ 1990ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿತು. ಹೊಸ ಎಕ್ಸ್‌ಎಲ್‌ಪಿಇ ಕೇಬಲ್ಲಿಗೆ ಡಿಸಿಯಿಂದ ಅಷ್ಟು ಹಾನಿಯಿಲ್ಲ, ನೆಲದಡಿ ವರ್ಷಗಟ್ಟಲೆ ದುಡಿದು ಹಳೆಯದಾದ ಕೇಬಲ್ಲಿನ ಆಯಸ್ಸನ್ನು ಮಾತ್ರ ಅದು ಕಡಿಮೆ ಮಾಡುತ್ತದೆ ಎಂದು ತೀರ್ಮಾನಿಸಿತು. ಮುದುಕರ ಆರೋಗ್ಯ ನೋಡುತ್ತೇನೆಂದು ಮೂಟೆ ಹೊರಿಸಿದ ಹಾಗಾಯಿತು.

ಹತ್ತು ಸೆಕೆಂಡಿಗೆ ಒಂದು ಸುತ್ತು

ದಾರಿ ತೋರಿದ್ದು ಒಂದು ಸರಳ ಗಣಿತ. ಎಸಿಯೇ ಬೇಕು, ಆದರೆ ಸೆಕೆಂಡಿಗೆ 50 ಸುತ್ತು ಯಾಕೆ? ಹತ್ತು ಸೆಕೆಂಡಿಗೆ ಒಂದೇ ಸುತ್ತು, ಅಂದರೆ 0.1 ಹರ್ಟ್ಸ್ ಮಾಡಿದರೆ, ಬೇಕಾದ ಕರೆಂಟು 500 ಪಟ್ಟು ಇಳಿಯುತ್ತದೆ. ಮೇಲಿನ ಅದೇ ಕೇಬಲ್ಲಿಗೆ 125 ಕೆವಿಎ ಬದಲು ಸುಮಾರು 250 ವಿಎ ಸಾಕು. ಅಡುಗೆಮನೆಯ ಮಿಕ್ಸಿ ತೆಗೆದುಕೊಳ್ಳುವುದಕ್ಕಿಂತ ಕಡಿಮೆ. ದಿಕ್ಕು ಬದಲಾಗುತ್ತಲೇ ಇರುವುದರಿಂದ ಚಾರ್ಜು ಒಳಗೆ ಕೂರುವುದೂ ಇಲ್ಲ.

ಇದಕ್ಕೆ ವಿಎಲ್‌ಎಫ್ ಎಂದು ಹೆಸರು. ಮೊದಲು ಇದನ್ನು ಬಳಸಿದ್ದು ದೊಡ್ಡ ಜನರೇಟರ್‌ಗಳ ಪರೀಕ್ಷೆಗೆ. ಕೇಬಲ್ಲಿಗೆ ಒಗ್ಗಿಸಿದ್ದರಲ್ಲಿ ಜರ್ಮನ್ನರು ಮುಂದು. ಐಇಇಇ 2001ರಲ್ಲಿ ತನ್ನ 400ನೇ ಮಾರ್ಗದರ್ಶಿಯನ್ನು ಹೊಸದಾಗಿ ಬರೆದು, ಡಿಸಿಯನ್ನು ಹಲವು ವಿಧಾನಗಳಲ್ಲಿ ಒಂದಾಗಿಸಿತು. 2004ರಲ್ಲಿ ವಿಎಲ್‌ಎಫ್‌ಗೆಂದೇ 400.2 ಬಂತು, 2006ರಲ್ಲಿ ಒಳಗಿನ ಪುಟ್ಟ ಕಿಡಿಗಳನ್ನು ಅಳೆಯುವ ವಿಧಾನಕ್ಕೆ 400.3 ಬಂತು.

110 ಕೆವಿ, 220 ಕೆವಿಯಂಥ ದೊಡ್ಡ ಕೇಬಲ್‌ಗಳಿಗೆ ಇನ್ನೊಂದು ಉಪಾಯ ಹುಡುಕಿದರು. ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೆ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಕೇಬಲ್ಲಿನ ಕೆಪಾಸಿಟನ್ಸಿಗೆ ತಾಳ ಕೂಡುವ ಕಾಯಿಲ್ ಜೋಡಿಸಿ, ಸಣ್ಣ ಶಕ್ತಿಯಿಂದಲೇ ದೊಡ್ಡ ವೋಲ್ಟೇಜ್ ಎಬ್ಬಿಸುವುದು. ಆ ತಾಳ 50 ಹರ್ಟ್ಸೇ ಆಗಬೇಕೆಂದಿಲ್ಲ, 20ರಿಂದ 300ರವರೆಗೆ ಎಲ್ಲಿ ಕೂಡಿದರೂ ಸರಿ ಎಂದು ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ ಒಪ್ಪಿತು. ಈ ಯಂತ್ರ ಟ್ರೇಲರ್ ಮೇಲೆ ಬರುತ್ತದೆ.

ಯಂತ್ರ ಸಿಗದವರಿಗೆ ಬಡವರ ದಾರಿಯೂ ಒಂದಿದೆ. ಲೋಡ್ ಇಲ್ಲದೆ, ಮಾಮೂಲಿ ವೋಲ್ಟೇಜಿನಲ್ಲಿ 24 ಗಂಟೆ ಕೇಬಲ್ಲನ್ನು ಬಿಟ್ಟು ನೋಡುವುದು. ಐಇಸಿ ಇದನ್ನೂ ಒಪ್ಪುತ್ತದೆ.

ಮಾನದಂಡ ಯಾರ ಪರ?

ಎಷ್ಟು ವೋಲ್ಟ್, ಎಷ್ಟು ನಿಮಿಷ ಎಂಬುದು ಬರೀ ವಿಜ್ಞಾನದ ಪ್ರಶ್ನೆಯಲ್ಲ. ಪರೀಕ್ಷೆ ಹಗುರವಾದರೆ ಗುತ್ತಿಗೆದಾರ ಬಿಲ್ಲು ಪಡೆದು ಹೋಗುತ್ತಾನೆ, ಕಳಪೆ ಜಾಯಿಂಟು ವಾರಂಟಿ ಮುಗಿದ ಮೇಲೆ ಸುಡುತ್ತದೆ. ಪರೀಕ್ಷೆ ತೀರಾ ಕಠಿಣವಾದರೆ ಇನ್ನೂ ಹತ್ತು ವರ್ಷ ಬಾಳುತ್ತಿದ್ದ ಹಳೆಯ ಕೇಬಲ್ ಅಲ್ಲೇ ಸಾಯುತ್ತದೆ. ಆ ಖರ್ಚು ಕೊನೆಗೆ ಬಿಲ್ಲು ಕಟ್ಟುವವರ ತಲೆಗೇ ಬರುತ್ತದೆ. ಆದ್ದರಿಂದಲೇ ಹೊಸ ಕೇಬಲ್ಲಿಗೊಂದು ಅಳತೆ, ಹಳೆಯದಕ್ಕೆ ಅದಕ್ಕಿಂತ ಕಡಿಮೆ ಅಳತೆ ಇಡುವ ರೂಢಿ ಬಂತು.

ಪರೀಕ್ಷೆಯೊಂದೇ ಸಾಲದು ಎನ್ನುವುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ಸಾಕ್ಷಿ. ನಗರದ ನಡುಭಾಗಕ್ಕೆ ಕರೆಂಟು ಕೊಡುತ್ತಿದ್ದ ನಾಲ್ಕು 110 ಕೆವಿ ಕೇಬಲ್‌ಗಳು 1998ರ ಜನವರಿ, ಫೆಬ್ರುವರಿಯಲ್ಲಿ ಒಂದರ ಹಿಂದೊಂದು ಕೆಟ್ಟವು. ಸುಮಾರು ಐದು ವಾರ ಅಂಗಡಿ, ಕಚೇರಿ, ಲಿಫ್ಟು ಎಲ್ಲಕ್ಕೂ ಜನರೇಟರೇ ಗತಿ. ಬೇಸಿಗೆಯಲ್ಲಿ ಒಣಗಿದ ಮಣ್ಣು ಕೇಬಲ್ಲಿನ ಬಿಸಿಯನ್ನು ಹೀರಿಕೊಳ್ಳುವುದಿಲ್ಲ ಎಂಬ ಪಾಠ ಆಮೇಲಿನ ತನಿಖೆಯಲ್ಲಿ ಬಂತು. ಕೇಬಲ್ಲಿನ ಆರೋಗ್ಯದಲ್ಲಿ ಮಣ್ಣಿನ ಪಾಲೂ ಇದೆ.

ನಮಗೇನು?

ಕೇಬಲ್ ಪರೀಕ್ಷಿಸಬಲ್ಲ ದೇಶದ ದೊಡ್ಡ ಪ್ರಯೋಗಾಲಯ ಸಿಪಿಆರ್‌ಐ 1960ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ಆದರೆ ಅಲ್ಲಿ ಪಾಸಾಗುವುದು ಕೇಬಲ್ಲಿನ ಮಾದರಿ. ನಿಮ್ಮೂರ ರಸ್ತೆಬದಿಯಲ್ಲಿ ಹೂತ ಜಾಯಿಂಟು ಅಲ್ಲಿಗೆ ಹೋಗುವುದಿಲ್ಲ. 33 ಕೆವಿವರೆಗಿನ ಕೇಬಲ್ ಹಾಕಲು ನಮ್ಮಲ್ಲಿರುವ ಭಾರತೀಯ ಮಾನದಂಡ ಐಎಸ್ 1255. ಅದರ ಈ ಪರಿಷ್ಕರಣೆ 1983ರದ್ದು, ಡಿಸಿ ರೂಢಿಯ ಕಾಲದ್ದು.

ಹಾಗಾಗಿ ಊರಲ್ಲಿ ಹೊಸ ಕೇಬಲ್ ಹಾಕಿದಾಗ ಕೇಳಬಹುದಾದ ಪ್ರಶ್ನೆ ಮೂರು. ಹೂತ ಮೇಲೆ ಪರೀಕ್ಷೆ ಮಾಡಿದಿರಾ? ಯಾವ ವಿಧಾನ, ಎಷ್ಟು ವೋಲ್ಟ್, ಎಷ್ಟು ನಿಮಿಷ? ವರದಿ ಎಲ್ಲಿದೆ? ಮೆಗ್ಗರ್ ಹಿಡಿದೆವು ಎಂಬ ಉತ್ತರ 11 ಕೆವಿ ಕೇಬಲ್ಲಿಗೆ ಸಾಲದು. ಮೆಗ್ಗರ್ ಕೊಡುವ ವೋಲ್ಟೇಜ್ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಪರೀಕ್ಷೆ ಮುಗಿದು ಯಂತ್ರ ಆಫ್ ಆದ ಮೇಲೂ ಕೇಬಲ್ಲಿನೊಳಗೆ ಚಾರ್ಜು ಉಳಿದಿರುತ್ತದೆ. ಒಮ್ಮೆ ಅರ್ಥ್ ಮುಟ್ಟಿಸಿ ತೆಗೆದರೆ ಮತ್ತೆ ಮೆಲ್ಲಗೆ ಮೇಲೇಳುತ್ತದೆ, ಡಿಸಿ ಕೊಟ್ಟಿದ್ದರೆ ಇನ್ನೂ ಹೆಚ್ಚು. ಅದಕ್ಕೇ ಕೆಲಸ ಮುಗಿಯುವವರೆಗೆ ಅರ್ಥ್ ಕಟ್ಟಿಯೇ ಇಡುತ್ತಾರೆ. ಕೇಬಲ್ ಗುಂಡಿಯ ಹತ್ತಿರ ಹಗ್ಗ ಕಟ್ಟಿದ್ದರೆ ಅದನ್ನು ದಾಟಬೇಡಿ, ಮಕ್ಕಳನ್ನೂ ದನವನ್ನೂ ಆಚೆ ಇಡಿ.