ಅಂಗಡಿ ಎಷ್ಟು ದೂರ?

ಲಂಡನ್ನಿನ ಯಾವ ಬೀದಿ ಬಡವರದು, ಯಾವುದು ಉಳ್ಳವರದು ಎಂದು ಚಾರ್ಲ್ಸ್ ಬೂತ್ ನಕ್ಷೆಗೆ ಬಣ್ಣ ಹಚ್ಚತೊಡಗಿದ್ದು 1889ರ ಹೊತ್ತಿಗೆ. ಅಂಥ ನಕ್ಷೆಗೆ ದಿನಸಿ ಅಂಗಡಿ ಬಂದು ಸೇರಲು ಮತ್ತೆ ನೂರು ವರ್ಷ ಹಿಡಿಯಿತು. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ, ಒಳ್ಳೆಯ ಆಹಾರ ಹತ್ತಿರದಲ್ಲಿ ಸಿಗದ ಬಡ ಪ್ರದೇಶಗಳಿಗೆ ‘ಆಹಾರ ಮರುಭೂಮಿ’ ಎಂಬ ಮಾತು ಚಾಲ್ತಿಗೆ ಬಂತು. 2011ರಲ್ಲಿ ಅಮೆರಿಕದ ಕೃಷಿ ಇಲಾಖೆ ಇಡೀ ದೇಶದಲ್ಲಿ ಅವನ್ನು ಗುರುತಿಸಿತು. ಪೇಟೆಯಲ್ಲಾದರೆ ಒಂದು ಮೈಲಿಯೊಳಗೆ ದೊಡ್ಡ ಅಂಗಡಿ ಇದೆಯೇ ಎಂಬುದು ಅದರ ಮುಖ್ಯ ಅಳತೆ.

ನಮ್ಮಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನವೂ ವಿಶ್ವ ಆಹಾರ ಕಾರ್ಯಕ್ರಮವೂ 2002ರಲ್ಲಿ ನಗರ ಭಾರತದ ಆಹಾರ ಅಭದ್ರತೆಯ ಅಟ್ಲಾಸ್ ತಂದವು. ಅದು ರಾಜ್ಯ ರಾಜ್ಯಗಳನ್ನು ತೂಗಿ ನೋಡಿತು. ಬಡಾವಣೆಗಳ ಮಟ್ಟಕ್ಕೆ ಇಳಿಯಲಿಲ್ಲ.

ಮೈಲಿ ಲೆಕ್ಕ ಹಿಡಿದರೆ ಉತ್ತರ ಬೆಂಗಳೂರಿನಲ್ಲಿ ಮರುಭೂಮಿ ಸಿಗುವುದು ಕಷ್ಟ. ಯಶವಂತಪುರವನ್ನೇ ನೋಡಿ. ಎಪಿಎಂಸಿ ಯಾರ್ಡು ನಕ್ಷೆಯಲ್ಲಿ ದೊಡ್ಡ ಚುಕ್ಕೆ, ಆದರೆ ಅಲ್ಲಿನ ವ್ಯಾಪಾರ ಮೂಟೆ ಲೆಕ್ಕದ್ದು. 2003ರಲ್ಲಿ ಅದೇ ಯಶವಂತಪುರಕ್ಕೆ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಬಂದಾಗಲೂ ಒಳಹೋಗಲು ವ್ಯಾಪಾರಿಯ ಕಾರ್ಡು ಬೇಕಿತ್ತು. ಕಾಲು ಕೆಜಿ ಈರುಳ್ಳಿ ಬೇಕಾದವರಿಗೆ ಎರಡೂ ಇದ್ದೂ ಇಲ್ಲದಂತೆ. ಹೆಬ್ಬಾಳದಲ್ಲಂತೂ ಬಳ್ಳಾರಿ ರಸ್ತೆಯ ಆಚೆಬದಿಯ ಅಂಗಡಿ ಕಣ್ಣಿಗೆ ಹತ್ತಿರ, ಚೀಲ ಹೊತ್ತು ದಾಟುವವರಿಗೆ ದೂರ. ಇನ್ನು ಆರ್.ಟಿ. ನಗರದ ಅಡ್ಡರಸ್ತೆಯ ಸೊಪ್ಪಿನ ತಳ್ಳುಗಾಡಿ: ಬೆಳಿಗ್ಗೆ ಬಂದು ಬಿಸಿಲೇರುವಷ್ಟರಲ್ಲಿ ಹೋಗಿರುತ್ತದೆ. ಅದನ್ನು ಯಾವ ಚುಕ್ಕೆಯಲ್ಲಿ ಹಿಡಿಯುವುದು? ಯಲಹಂಕದಾಚೆ ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲಿರುವವರಿಗೆ ಬೆಲೆಗಿಂತ ಉದ್ರಿ ಮುಖ್ಯ. ವಾರದ ಬಟವಾಡೆವರೆಗೆ ಅಕ್ಕಿ, ಎಣ್ಣೆ ಕೊಡುವ ಚಿಲ್ಲರೆ ಅಂಗಡಿಯೇ ಅವರ ಮಾರುಕಟ್ಟೆ. ಆಫ್ರಿಕಾದ ನಗರಗಳ ಬಗ್ಗೆ ಬರೆದ ಜೇನ್ ಬ್ಯಾಟರ್ಸ್‌ಬಿ 2012ರಲ್ಲೇ ಸೂಪರ್‌ಮಾರ್ಕೆಟ್ ಎಣಿಸುವ ಈ ಪದ್ಧತಿಯನ್ನು ಪ್ರಶ್ನಿಸಿದ್ದರು. ನಮ್ಮ ಊರಿಗೆ ಒಪ್ಪುವುದು ಆ ಪ್ರಶ್ನೆಯೇ.

ಅಳತೆ ಬದಲಿಸಿದ ಕೆಲಸವೊಂದು ಇಲ್ಲೇ ನಡೆದಿದೆ. 2016ರಿಂದ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಹಾಗೂ ಜರ್ಮನಿಯ ಗಟಿಂಗೆನ್, ಕಾಸೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ನಗರದ ಉತ್ತರಕ್ಕೆ 5 ಕಿ.ಮೀ. ಅಗಲ, 50 ಕಿ.ಮೀ. ಉದ್ದದ ಪಟ್ಟಿಯೊಂದನ್ನು ಆರಿಸಿಕೊಂಡರು. ಊರು, ಹಳ್ಳಿ ಎಂದು ಎರಡಾಗಿ ಸೀಳದೆ, ವಿಧಾನಸೌಧದಿಂದ ಎಷ್ಟು ದೂರ, ಸುತ್ತ ಕಟ್ಟಡ ಎಷ್ಟು ಎಂಬುದರ ಮೇಲೆ ಹಂತ ಗೊತ್ತುಮಾಡಿದರು. ಬೆಳೆ, ಹೈನುಗಾರಿಕೆ, ಮನೆಯ ಊಟ ಎಲ್ಲವನ್ನೂ ಆ ಹಂತಗಳ ಮೇಲಿಟ್ಟು ನೋಡಿದರು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಬೆಂಗಳೂರಿನ ನಿಜವಾದ ಕೊಡುಗೆ ಇದು.

ಸರ್ಕಾರದ ಲೆಕ್ಕ ಮಾತ್ರ ವಾರ್ಡಿನದು. 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು. 198 ವಾರ್ಡುಗಳಿಗೂ ಒಂದೊಂದು ಎಂಬುದು ಯೋಜನೆ. ಹರಡಿಕೊಂಡ ಜಕ್ಕೂರಿಗೂ ಒಂದು, ಕಿಕ್ಕಿರಿದ ಪುಟ್ಟ ಮನೋರಾಯನಪಾಳ್ಯಕ್ಕೂ ಒಂದು. 2025ರಲ್ಲಿ ಪಾಲಿಕೆ ಐದಾಗಿ ವಾರ್ಡುಗಳ ಗೆರೆಗಳೂ ಸರಿದವು. ಹಳೆಯ ವಾರ್ಡುವಾರು ಅಂಕಿಗಳನ್ನು ಹೊಸ ಗಡಿಗೆ ಹೊಂದಿಸುವ ಕೆಲಸ ಈಗ ಎದುರಿಗಿದೆ.